ಬೋರಲು ಹಾಕಿದ ಪಾತ್ರೆ ಮತ್ತು ಅಳೋದಕ್ಕೊಂದು ಜಾಗ



ಎಲ್ಲೋ ಒಂದು ಕೊಲೆ, ಅತ್ಯಾಚಾರ, ಬಹಿಷ್ಕಾರದ ಸುದ್ದಿ ಬಂದಾಗ ನಮ್ಮ ಗುಂಪುಗಳಲ್ಲಿ ಏನಾಗುತ್ತೆ ಗಮನಿಸಿದ್ದೀರಾ? ಮೊದಲು ಫೋಟೊ, ಆಮೇಲೆ ಎಫ್‌ಐಆರ್ ಪ್ರತಿ, ಆಮೇಲೆ ಪ್ರತಿಭಟನೆಯ ಪೋಸ್ಟರ್. ಎಲ್ಲಾ ಬೇಕಾದ್ದೇ. ಆದರೆ ಅಳೋದಕ್ಕೆ ಮಾತ್ರ ಜಾಗ ಇಲ್ಲ. ಯಾರಾದ್ರೂ "ಪ್ರಾರ್ಥನೆ ಮಾಡೋಣ" ಅಂದರೆ ನಗ್ತೀವಿ. ನಾನೂ ನಕ್ಕಿದ್ದೇನೆ. ಅಮೆರಿಕದ ಕಪ್ಪು ಜನ ಹೇಗೆ ಪ್ರಾರ್ಥಿಸಿದರು ಅಂತ ಓದಿದ ಮೇಲೆ ಅಷ್ಟು ಸುಲಭವಾಗಿ ನಗೋಕಾಗ್ತಿಲ್ಲ.

ಗುಲಾಮಗಿರಿಯ ಕಾಲದಲ್ಲಿ ದಣಿಗಳು ಬೋಧಕರಿಂದ ಹೇಳಿಸುತ್ತಿದ್ದದ್ದು ಒಂದೇ ಮಾತು: ಒಡೆಯನಿಗೆ ವಿಧೇಯರಾಗಿರಿ. 1807ರಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗಾಗಿ ಲಂಡನ್‌ನಲ್ಲಿ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಮೋಶೆ ತನ್ನ ಜನರನ್ನು ಐಗುಪ್ತದ ದಾಸ್ಯದಿಂದ ಬಿಡಿಸಿ ತಂದ ಕಥೆಯನ್ನೇ ಕತ್ತರಿಸಿ ಹಾಕಿದ್ದರು! ಶಾಸ್ತ್ರದಲ್ಲಿ ಯಾರು ಎಷ್ಟು ಓದಬೇಕು ಅಂತ ಮೇಲಿನವರೇ ತೀರ್ಮಾನಿಸೋದು ನಮಗೇನೂ ಹೊಸದಲ್ಲ.

ಅಮೆರಿಕದ ದಕ್ಷಿಣದ ತೋಟಗಳಲ್ಲಿ ಗುಲಾಮರು ರಾತ್ರಿ ಕಾಡಿಗೆ ಹೋಗಿ ಕದ್ದು ಪ್ರಾರ್ಥಿಸುತ್ತಿದ್ದರು. ಸಿಕ್ಕಿಬಿದ್ದರೆ ಚಾಟಿಯೇಟು. ಸದ್ದು ಹೊರಗೆ ಹೋಗಬಾರದು ಅಂತ ಒದ್ದೆ ಕೌದಿಗಳನ್ನು ಸುತ್ತ ತೂಗುಹಾಕುತ್ತಿದ್ದರು. ದೊಡ್ಡ ಕಬ್ಬಿಣದ ಪಾತ್ರೆಯನ್ನು ಬೋರಲು ಹಾಕುತ್ತಿದ್ದರು, ಅದು ದನಿಯನ್ನು ಹಿಡಿದಿಟ್ಟುಕೊಳ್ಳುತ್ತೆ ಅನ್ನೋ ನಂಬಿಕೆಯಿಂದ. 1930ರ ದಶಕದಲ್ಲಿ ಬದುಕಿದ್ದ ಮಾಜಿ ಗುಲಾಮರ ನೆನಪುಗಳನ್ನು ದಾಖಲಿಸಿದಾಗ ಈ ಪಾತ್ರೆ ಮತ್ತೆ ಮತ್ತೆ ಬಂತು. ಅಳೋದಕ್ಕೂ ಅಪ್ಪಣೆ ಇಲ್ಲದ ಜನ ಅಳೋದಕ್ಕೆ ಮಾಡಿಕೊಂಡ ಜಾಗ ಅದು.

ಅವರ ಕೈಗೆ ಪೂರ್ತಿ ಬೈಬಲ್ ಸಿಕ್ಕಾಗ ಅದರಲ್ಲಿ ತಮ್ಮದೇ ದನಿ ಕೇಳಿಸಿತು. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಿನವು. 88ನೆಯದು ಯಾವ ಸಮಾಧಾನವೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತೆ. 137ನೆಯದರ ಕೊನೆಯಲ್ಲಿ ಸೇಡಿನ ಮಾತಿದೆ, ಓದಿದರೆ ಮೈ ನಡುಗುತ್ತೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೆಯ ಕೀರ್ತನೆಯ ದೂರನ್ನೇ. ಅಂದರೆ ಸಿಟ್ಟು, ಭಯ, ದೇವರ ಮೇಲಿನ ಜಗಳ, ಎಲ್ಲಕ್ಕೂ ಪ್ರಾರ್ಥನೆಯಲ್ಲಿ ಜಾಗ ಇತ್ತು.

1956ರ ಜನವರಿ 27ರ ರಾತ್ರಿ. ಮಾಂಟ್‌ಗಮರಿಯ ಬಸ್ ಬಹಿಷ್ಕಾರ ನಡೀತಿದೆ. 27 ವರ್ಷದ ಮಾರ್ಟಿನ್ ಲೂಥರ್ ಕಿಂಗ್‌ಗೆ ಕೊಲೆ ಬೆದರಿಕೆಯ ಫೋನ್ ಬಂತು. ಪಕ್ಕದ ಕೋಣೆಯಲ್ಲಿ ಹೆಂಡತಿ, ಎಳೆಗೂಸು. ನಿದ್ದೆ ಬರಲಿಲ್ಲ. ಕಾಫಿ ಕಾಸಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತು, ನನಗೆ ಭಯವಾಗ್ತಿದೆ, ನನ್ನ ಶಕ್ತಿ ಮುಗೀತು ಅಂತ ದೇವರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರು. ನ್ಯಾಯದ ಪರ ನಿಲ್ಲು ಅಂತ ಒಳಗಿನಿಂದ ದನಿ ಕೇಳಿಸಿತು ಅಂತ ಮುಂದೆ ಬರೆದರು. ಮೂರೇ ದಿನಕ್ಕೆ ಮನೆ ಮೇಲೆ ಬಾಂಬ್ ಬಿತ್ತು. ಪ್ರಾರ್ಥನೆ ಬಾಂಬನ್ನು ತಡೀಲಿಲ್ಲ. ಭಯವೂ ಪೂರ್ತಿ ಹೋಗಲಿಲ್ಲ, ಆಮೇಲೆ ಬಂದೂಕಿನ ಪರವಾನಗಿಗೂ ಅವರು ಅರ್ಜಿ ಹಾಕಿದ್ದರು. ಆದರೆ ಬಹಿಷ್ಕಾರ ನಿಲ್ಲಲಿಲ್ಲ. 381 ದಿನ ನಡೆದು ಗೆದ್ದಿತು.

ಈ ಇತಿಹಾಸಕ್ಕೆ ಇನ್ನೊಂದು ಮುಖವೂ ಇದೆ. 1963ರ ಸೆಪ್ಟೆಂಬರ್ 15, ಭಾನುವಾರ. ಬರ್ಮಿಂಗ್‌ಹ್ಯಾಮ್‌ನ 16ನೇ ಬೀದಿಯ ಚರ್ಚ್‌ನಲ್ಲಿ ಬಿಳಿಯ ಜನಾಂಗವಾದಿಗಳಿಟ್ಟ ಡೈನಮೈಟ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. ಮೂವರಿಗೆ 14, ಒಬ್ಬಳಿಗೆ 11. ಅವತ್ತಿನ ಪಾಠದ ವಿಷಯ: ಕ್ಷಮಿಸುವ ಪ್ರೀತಿ. ಮೂವರ ಶವಸಂಸ್ಕಾರ ಒಟ್ಟಿಗೆ ನಡೀತು, ಕಿಂಗ್ ಮಾತಾಡಿದರು. ಒಬ್ಬಳ ಮನೆಯವರು ಮಾತ್ರ ಅದಕ್ಕೆ ಸೇರದೆ ಬೇರೆಯಾಗಿಯೇ ಮಗಳನ್ನು ಮಣ್ಣು ಮಾಡಿದರು. ಎಷ್ಟು ದೊಡ್ಡ ಚಳವಳಿಯಾದರೂ ಒಂದು ಮನೆಯ ದುಃಖ ಅದರ ಆಸ್ತಿಯಲ್ಲ. ಕೊಲೆಗಾರರಲ್ಲಿ ಮೊದಲನೆಯವನಿಗೆ ಶಿಕ್ಷೆಯಾಗಿದ್ದು 1977ರಲ್ಲಿ, ಉಳಿದಿಬ್ಬರಿಗೆ 2001 ಮತ್ತು 2002ರಲ್ಲಿ. ನ್ಯಾಯ ಸಿಗೋಕೆ ಮುಂಚೆ ಕ್ಷಮೆ ಕೇಳೋ ಪ್ರಾರ್ಥನೆ ಯಾರ ಪರ? ನೊಂದವರು ಕ್ಷಮಿಸಿದರೆ ಅದು ಅವರ ಹಿರಿತನ. ಹೊರಗಿನವರು "ಕ್ಷಮಿಸಿಬಿಡಿ" ಅಂದರೆ ಅದು ಎರಡನೇ ಏಟು.

ಈಗ ನಮ್ಮ ಮನೆಗೆ ಬರೋಣ. ಕಿಂಗ್ ಅಡುಗೆಮನೆಯಲ್ಲಿ ಕೂತ ಅದೇ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದರು. ನನ್ನದು ಆ ದಾರಿ, ದೇವರನ್ನು ಬೇಡುವ ದಾರಿಯಲ್ಲ. ಆದರೆ ದುಃಖವೇ ಮೊದಲ ಸತ್ಯ ಅಂದವನು ಬುದ್ಧ. ದುಃಖವನ್ನು ಬಾಯಿಬಿಟ್ಟು ಹೇಳದೆ ಆ ದಾರಿಯೂ ಶುರುವಾಗಲ್ಲ.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ 7 ಜನರನ್ನು ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ತೀರ್ಪಿನ ಬಗ್ಗೆ ನಾವು ಎಷ್ಟು ಭಾಷಣ ಮಾಡಿದ್ದೀವಿ! ಆ 7 ಜನರಿಗಾಗಿ ಒಟ್ಟಿಗೆ ಕೂತು ಎಷ್ಟು ಸಲ ಅತ್ತಿದ್ದೀವಿ?

ಅಳದೇ ಇದ್ದ ದುಃಖ ಎಲ್ಲೂ ಹೋಗಲ್ಲ. ಕುಡಿತವಾಗುತ್ತೆ, ಮನೆಯ ಹೆಣ್ಣುಮಕ್ಕಳ ಮೇಲೆ ಕೈ ಆಗುತ್ತೆ, ಸಂಗಾತಿಗಳ ಮೇಲಿನ ಜಗಳವಾಗುತ್ತೆ. ಎಷ್ಟು ಒಳ್ಳೆಯ ಹುಡುಗರನ್ನು ಹೀಗೆ ಕಳಕೊಂಡಿದ್ದೀವಿ ಅಂತ ನಿಮಗೂ ಗೊತ್ತು.

ಮುಂದಿನ ಸಲ ಸುದ್ದಿ ಬಂದಾಗ ಪೋಸ್ಟರ್‌ಗೆ ಮುಂಚೆ ಅರ್ಧ ಗಂಟೆ ಒಟ್ಟಿಗೆ ಕೂರೋಣ. ದೇವರಿರೋರು ದೇವರಿಗೆ ಹೇಳಲಿ, ಇಲ್ಲದವರು ಪಕ್ಕದವರಿಗೆ ಹೇಳಲಿ. ಸತ್ತವರ ಹೆಸರು ಹೇಳೋಣ, ಅಳೋಣ, ಬೈಯೋಣ. ಆಮೇಲೆ ಬೀದಿಗೆ ಹೋಗೋಣ. ನಮಗೆ ಪಾತ್ರೆ ಬೋರಲು ಹಾಕೋ ಅಗತ್ಯ ಇಲ್ಲ, ಕೇಳೋರು ಕೇಳಿಸಿಕೊಳ್ಳಲಿ.

ಜೈಭೀಮ್.