ಕೈಪಿಡಿಯ ಕಾಗುಣಿತ: ತಂತ್ರಾಂಶ ಲೋಕದಲ್ಲಿ ಒಂದಕ್ಷರದ ಬೆಲೆ

ಗಣಕಯಂತ್ರದ ತೆರೆಯ ಮೇಲೆ ಕಾಣುವ ಕಿಟಕಿ, ಗುಂಡಿ, ಆಯ್ಕೆಪಟ್ಟಿಗಳನ್ನು ಪ್ರತಿಯೊಬ್ಬ ತಂತ್ರಜ್ಞನೂ ಮೊದಲಿನಿಂದ ರಚಿಸುವುದಿಲ್ಲ. ಅವುಗಳನ್ನು ಸಿದ್ಧರೂಪದಲ್ಲಿ ಒದಗಿಸುವ ತಂತ್ರಾಂಶ ಸಂಗ್ರಹಕ್ಕೆ ಗ್ರಾಫಿಕಲ್ ಇಂಟರ್‌ಫೇಸ್ ಟೂಲ್‌ಕಿಟ್ ಎಂದು ಹೆಸರು. ಅದರ ಬಳಕೆಯನ್ನು ವಿವರಿಸುವ ಕೈಪಿಡಿಯಲ್ಲಿ ನುಸುಳಿದ ಕಾಗುಣಿತ ದೋಷವನ್ನು ತಿದ್ದುವುದು ಮೇಲ್ನೋಟಕ್ಕೆ ಕ್ಷುಲ್ಲಕ ಕೆಲಸ. ಆದರೆ ಸಕಾಲದಲ್ಲಿ ತಿದ್ದದ ತಪ್ಪು ಶಾಶ್ವತವಾಗಿ ಉಳಿದುಬಿಡುವ ಅಪಾಯ ಈ ಕ್ಷೇತ್ರದಲ್ಲಿದೆ. ಕನ್ನಡದ ಒಂದು ಅಕ್ಷರವೇ ಅದಕ್ಕೆ ಸಾಕ್ಷಿ.

ಪ್ರಮುಖ ಟೂಲ್‌ಕಿಟ್‌ಗಳು

ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ರೂಪಿಸಿದ ಟಿಕೆ, 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡಬ್ಲ್ಯುಎಕ್ಸ್‌ವಿಜೆಟ್ಸ್, 1995ರಲ್ಲಿ ನಾರ್ವೆಯಿಂದ ಹೊರಬಂದ ಕ್ಯೂಟಿ ಹಾಗೂ ಜಿಂಪ್ ಎಂಬ ಚಿತ್ರ ಸಂಪಾದಕಕ್ಕಾಗಿ ಸಿದ್ಧವಾದ ಜಿಟಿಕೆ ಇವುಗಳಲ್ಲಿ ಹೆಸರುವಾಸಿಯಾದವು. ಇವುಗಳ ಮೂಲಸಂಕೇತ ಮುಕ್ತವಾಗಿ ಲಭ್ಯ. ಆದ್ದರಿಂದ ಕೈಪಿಡಿಯಲ್ಲಿ ತಪ್ಪು ಕಂಡ ಓದುಗರು ಯಾವ ಊರಿನವರಾದರೂ ತಿದ್ದುಪಡಿ ಕಳುಹಿಸಬಹುದು. ಮುಕ್ತ ತಂತ್ರಾಂಶ ಯೋಜನೆಗಳಿಗೆ ಹೊಸದಾಗಿ ಸೇರುವ ಅನೇಕರ ಮೊದಲ ಕಾಣಿಕೆ ಇಂತಹ ಕಾಗುಣಿತ ತಿದ್ದುಪಡಿಯೇ ಆಗಿರುತ್ತದೆ.

ಮೂರು ಬಗೆಯ ಬರಹ

ಟೂಲ್‌ಕಿಟ್‌ನಲ್ಲಿರುವ ಬರಹವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಮನುಷ್ಯರು ಮಾತ್ರ ಓದುವ ವಿವರಣೆ. ಎರಡನೆಯದು ಯಂತ್ರವೂ ಓದುವ ಹೆಸರುಗಳು, ಅಂದರೆ ತಂತ್ರಜ್ಞರು ತಮ್ಮ ಕಾರ್ಯಕ್ರಮದಲ್ಲಿ ಅಕ್ಷರಶಃ ಬರೆಯಬೇಕಾದ ಪದಗಳು. ಮೂರನೆಯದು ಗುಂಡಿಗಳ ಮೇಲೆ ಬಳಕೆದಾರರಿಗೆ ಕಾಣುವ ಪಠ್ಯ.

ಮೊದಲನೆಯದನ್ನು ಯಾವಾಗ ಬೇಕಾದರೂ ತಿದ್ದಬಹುದು, ಯಾರಿಗೂ ತೊಂದರೆಯಿಲ್ಲ. ಎರಡನೆಯದನ್ನು ತಿದ್ದಿದರೆ ಆ ಹೆಸರನ್ನು ನಂಬಿ ಬರೆದ ಕಾರ್ಯಕ್ರಮಗಳು ಕೆಟ್ಟು ನಿಲ್ಲುತ್ತವೆ. ಕ್ಯೂಟಿಯ ಕೈಪಿಡಿಯ ಬಹುಭಾಗ ಮೂಲಸಂಕೇತದ ಕಡತಗಳೊಳಗೇ ಟಿಪ್ಪಣಿಯ ರೂಪದಲ್ಲಿದ್ದು, ಕ್ಯೂಡಾಕ್ ಎಂಬ ಸಾಧನ ಅದನ್ನು ಹೆಕ್ಕಿ ಪುಟಗಳಾಗಿ ಜೋಡಿಸುತ್ತದೆ. ವಿವರಣೆಯೂ ಹೆಸರುಗಳೂ ಹೀಗೆ ಒಂದೇ ಕಡತದಲ್ಲಿ ಅಕ್ಕಪಕ್ಕದಲ್ಲಿರುವಾಗ, ತಿದ್ದುವವರು ಯಾವುದನ್ನು ಮುಟ್ಟುತ್ತಿದ್ದೇವೆ ಎಂಬುದನ್ನು ಅರಿತಿರಬೇಕಾಗುತ್ತದೆ.

ಬದಲಾಗದ ಹೆಸರುಗಳು

ಫ್ರೆಂಚ್ ಭಾಷೆಯ ಉದ್ಧರಣ ಚಿಹ್ನೆಯ ಹೆಸರು ಗಿಯೆಮೆ. ಆದರೆ ಕೀಲಿಮಣೆಯ ಸಂಕೇತಗಳ ಪಟ್ಟಿಗೆ ಅದು ಗಿಲ್ಲಮಾಟ್ ಎಂದು ಸೇರಿತು. ಗಿಲ್ಲಮಾಟ್ ಎಂದರೆ ಒಂದು ಕಡಲ ಹಕ್ಕಿ. ಆ ಪಟ್ಟಿಯನ್ನು ಅನುಸರಿಸಿದ ಜಿಟಿಕೆ ಮತ್ತು ಕ್ಯೂಟಿಗಳಲ್ಲಿಯೂ ಹಕ್ಕಿಯ ಹೆಸರೇ ಬಂದು ನಿಂತಿತು.

ಜಗತ್ತಿನ ಲಿಪಿಗಳಿಗೆ ಸಂಕೇತ ನೀಡುವ ಯೂನಿಕೋಡ್ ಪಟ್ಟಿಯೂ ಇದಕ್ಕೆ ಹೊರತಲ್ಲ. ಅಲ್ಲಿನ ಒಂದು ಚಿಹ್ನೆಯ ಹೆಸರಿನಲ್ಲಿ ಬ್ರಾಕೆಟ್ ಎಂಬ ಪದದ ಸಿ ಮತ್ತು ಕೆ ಅಕ್ಷರಗಳು ಅದಲುಬದಲಾಗಿವೆ. ಒಮ್ಮೆ ಪ್ರಕಟವಾದ ಹೆಸರನ್ನು ಎಂದಿಗೂ ಬದಲಿಸಬಾರದು ಎಂಬುದು ಯೂನಿಕೋಡ್ ನಿಯಮ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಹಳಗನ್ನಡದ ೞ ಅಕ್ಷರ. 9ನೇ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕೊಪಣನಗರವನ್ನು, ಅಂದರೆ ಇಂದಿನ ಕೊಪ್ಪಳವನ್ನು ಹೆಸರಿಸುತ್ತದೆ. ಆ ಕಾಲದ ಬರಹದಲ್ಲಿ ೞ ಜೀವಂತವಾಗಿತ್ತು. ಮುಂದೆ ಬಳಕೆ ತಪ್ಪಿ ಬಹುಮಟ್ಟಿಗೆ ಳಕಾರದಲ್ಲಿ ಬೆರೆತುಹೋಯಿತು. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಬಿದ್ದಿರುವ ಹೆಸರು 'ಕನ್ನಡ ಅಕ್ಷರ ಫ'. ಫಕಾರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರು ಬದಲಿಸಲಾಗದ ಕಾರಣ, ಅದು ತಪ್ಪು ಎಂಬ ಟಿಪ್ಪಣಿಯನ್ನು ಅಕ್ಷರ ಪಟ್ಟಿಗೆ ಸೇರಿಸಿ, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯನಾಮವಾಗಿ ನೀಡಲಾಗಿದೆ. ಹೆಸರಿನಲ್ಲಿ ಆಗದ ತಿದ್ದುಪಡಿ ವಿವರಣೆಯಲ್ಲಿ ನಡೆದಿದೆ.

ತಿದ್ದಿದರೆ ಮರೆಯಾಗುವ ಅನುವಾದ

ಮೂರನೆಯ ಬಗೆಯ ಬರಹದಲ್ಲಿ ತೊಡಕು ಬೇರೆ ರೀತಿಯದು. ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯಲ್ಲಿ ಮೂಲದ ಇಂಗ್ಲಿಷ್ ವಾಕ್ಯವೇ ಕನ್ನಡ ಅನುವಾದವನ್ನು ಹುಡುಕುವ ಕೀಲಿ. ಇಂಗ್ಲಿಷ್ ವಾಕ್ಯದಲ್ಲಿ ಒಂದಕ್ಷರ ತಿದ್ದಿದರೂ ಕೀಲಿ ಬದಲಾಗುತ್ತದೆ. ಹಳೆಯ ಅನುವಾದ 'ಸಂದಿಗ್ಧ' ಎಂಬ ಗುರುತು ಪಡೆದು, ಅನುವಾದಕರು ಪರಿಶೀಲಿಸಿ ಒಪ್ಪುವವರೆಗೆ ಬಳಕೆಗೆ ಬರುವುದಿಲ್ಲ. ಅಲ್ಲಿಯವರೆಗೆ ತೆರೆಯ ಮೇಲೆ ಕನ್ನಡದ ಬದಲು ಇಂಗ್ಲಿಷ್ ಕಾಣುತ್ತದೆ. ಅನುವಾದಕರು ಬೆರಳೆಣಿಕೆಯಷ್ಟಿರುವ ಭಾಷೆಗಳಿಗೆ ಈ ಪೆಟ್ಟು ಹೆಚ್ಚು. ಆದ್ದರಿಂದಲೇ ಹೊಸ ಆವೃತ್ತಿ ಹೊರಬರುವ ಕೆಲವು ವಾರಗಳ ಮೊದಲು ಮೂಲ ವಾಕ್ಯಗಳನ್ನು ಮುಟ್ಟಬಾರದು ಎಂಬ ಕಟ್ಟುಪಾಡನ್ನು ಗ್ನೋಮ್‌ನಂತಹ ಯೋಜನೆಗಳು ಪಾಲಿಸುತ್ತವೆ.

ನಾಲ್ಕು ಊರು, ನಾಲ್ಕು ತಪ್ಪು

ಕನ್ನಡದಲ್ಲಿಯೇ ಕೈಪಿಡಿ ಅಥವಾ ಆಯ್ಕೆಪಟ್ಟಿ ಸಿದ್ಧಪಡಿಸುವಾಗ ಎದುರಾಗುವ ದೋಷಗಳನ್ನು ಕೊಪ್ಪಳ ಜಿಲ್ಲೆಯ ಊರುಗಳ ಹೆಸರಿನಿಂದಲೇ ವಿವರಿಸಬಹುದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ಮೊದಲ ನಾಲ್ಕು ತಾಲ್ಲೂಕುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ.

ಇಂಗ್ಲಿಷ್ ಅಕ್ಷರಗಳ ಮೂಲಕ ಕನ್ನಡ ಟೈಪಿಸುವ ಬರಹ ಮಾದರಿಯ ವಿಧಾನದಲ್ಲಿ ಲ ಮತ್ತು ಳ, ತ ಮತ್ತು ಟ ಅಕ್ಷರಗಳ ನಡುವಿನ ವ್ಯತ್ಯಾಸ ಶಿಫ್ಟ್ ಕೀಲಿ ಮಾತ್ರ. ಅದನ್ನು ಒತ್ತಲು ಮರೆತರೆ ಕೊಪ್ಪಳ 'ಕೊಪ್ಪಲ'ವಾಗುತ್ತದೆ, ಕುಷ್ಟಗಿ 'ಕುಷ್ತಗಿ'ಯಾಗುತ್ತದೆ. ಇವು ಕಣ್ಣಿಗೆ ಕಾಣುವ ತಪ್ಪುಗಳು.

ಗಂಗಾವತಿಯ ತಪ್ಪು ಕಣ್ಣಿಗೆ ಸುಲಭವಾಗಿ ಕಾಣದು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದರೆ 'ಗ೦ಗಾವತಿ' ಮೂಡುತ್ತದೆ. ಓದುವವರಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಯಲಬುರ್ಗಾದ ಅರ್ಕಾವೊತ್ತು ಕನ್ನಡದ 9ರ ಅಂಕಿಯನ್ನು ಹೋಲುವುದರಿಂದ 'ಯಲಬುಗಾ೯' ಎಂದು ಬರೆಯುವುದೂ ಉಂಟು. ಇಂತಹ ತಪ್ಪು ಕಡತಕ್ಕೆ ಸೇರಿದರೆ, ಸರಿಯಾದ ಹೆಸರು ಟೈಪಿಸಿ ಹುಡುಕಿದವರಿಗೆ ಆ ದಾಖಲೆ ಸಿಗದೆ ಹೋಗಬಹುದು. ಅಕಾರಾದಿ ಪಟ್ಟಿಯಲ್ಲಿಯೂ ಊರು ತನ್ನ ಜಾಗ ತಪ್ಪುತ್ತದೆ.

ತಿದ್ದುವ ಕ್ರಮ

ಮೊದಲು ಇತ್ತೀಚಿನ ಆವೃತ್ತಿಯಲ್ಲಿಯೂ ತಪ್ಪು ಉಳಿದಿದೆಯೇ ಎಂದು ನೋಡಬೇಕು. ನಂತರ ಅದು ವಿವರಣೆಯೋ, ಹೆಸರೋ, ತೆರೆಯ ಪಠ್ಯವೋ ಎಂದು ಗುರುತಿಸಬೇಕು. ವಿವರಣೆಯಾದರೆ ಮೂಲ ಕಡತದಲ್ಲಿಯೇ ತಿದ್ದಿ, ಹಳೆಯ ಮತ್ತು ಹೊಸ ಸಾಲುಗಳ ವ್ಯತ್ಯಾಸವನ್ನು ನಿರ್ವಾಹಕರಿಗೆ ಕಳುಹಿಸಬೇಕು. ಹೆಸರಾದರೆ ಹಳೆಯದನ್ನು ಉಳಿಸಿಕೊಂಡು, ಸರಿಯಾದುದನ್ನು ಜೊತೆಗೆ ಸೇರಿಸಲು ಸೂಚಿಸಬಹುದು. ಕಾಗುಣಿತ ತಿದ್ದುವಾಗ ವಾಕ್ಯದ ಶೈಲಿಯನ್ನೂ ಬದಲಿಸಹೊರಟರೆ ಪರಿಶೀಲನೆ ಕಷ್ಟವಾಗುತ್ತದೆ.

ಇಂಗ್ಲಿಷಿನಲ್ಲಿ ಕೋಡ್‌ಸ್ಪೆಲ್‌ನಂತಹ ಸಾಧನಗಳು ಸಾಮಾನ್ಯ ತಪ್ಪುಗಳ ಪಟ್ಟಿಯನ್ನಿಟ್ಟುಕೊಂಡು ಕಡತಗಳನ್ನು ಜಾಲಾಡುತ್ತವೆ. ಕನ್ನಡದಲ್ಲಿ ಗಂಗಾವತಿ, ಗಂಗಾವತಿಯ, ಗಂಗಾವತಿಯಲ್ಲಿ, ಗಂಗಾವತಿಯಿಂದಲೂ ಎಂದು ಒಂದೇ ಪದ ಹಲವು ರೂಪ ತಾಳುವುದರಿಂದ ಪದಪಟ್ಟಿಯೊಂದೇ ಸಾಲದು. ಪ್ರತ್ಯಯಗಳ ನಿಯಮವೂ ಬೇಕು. ಆದರೆ ಪದದ ನಡುವೆ ನುಸುಳಿದ ೦ ಮತ್ತು ೯ ಅಂಕಿಗಳನ್ನು ಹುಡುಕಲು ಪದಕೋಶವೇ ಬೇಡ. ಅಕ್ಷರಕ್ಕೆ ಅಂಟಿಕೊಂಡ ಅಂಕಿಯನ್ನು ಹುಡುಕುವ ಒಂದು ಸರಳ ಸೂತ್ರ ಸಾಕು. ದಾಖಲೆ ಪ್ರಕಟವಾಗುವ ಮುನ್ನ ಆ ಹುಡುಕಾಟ ನಡೆದರೆ, ಊರಿನ ಹೆಸರು ಬೇರೆ ಕಡತಗಳಿಗೆ ತಪ್ಪಾಗಿ ಹರಡುವುದು ಅಲ್ಲಿಗೇ ನಿಲ್ಲುತ್ತದೆ.