ಪ್ರತಿಕಾಯವೂ ಕೊರೋನಾ ವೈರಾಣುವಿನ ಕೋಶಪ್ರವೇಶವೂ

ಕ್ರಿ. ಶ. 2020ನೆಯ ಸೆಪ್ಟೆಂಬರ್ 3ರಿಂದ 16ರವರೆಗೆ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿ ಕೋವಿಡ್ ವ್ಯಾಪ್ತಿಯ ಸಮೀಕ್ಷೆಯು ನಡೆಯಿತು. 15,624 ಮಂದಿಯ ಪರೀಕ್ಷೆಯಿಂದ, ರಾಜ್ಯದ ಜನರಲ್ಲಿ ಶೇಕಡಾ 27.3ರಷ್ಟು ಮಂದಿಗೆ ಸೋಂಕು ಆಗಿಹೋಗಿದ್ದಿತು ಇಲ್ಲವೆ ಆಗ ಇದ್ದಿತೆಂದು ಗಣಿಸಲಾಯಿತು. ತುಂಗಭದ್ರಾತೀರದ ಸಿರುಗುಪ್ಪ, ದೊಡ್ಡಬಸವೇಶ್ವರನ ಕುರುಗೋಡು ಇವನ್ನೊಳಗೊಂಡ ಬಳ್ಳಾರಿ ಜಿಲ್ಲೆಯು ಅಧಿಕ ಪ್ರಮಾಣದ ಜಿಲ್ಲೆಗಳ ಸಾಲಿನಲ್ಲಿ ಕಂಡುಬಂದಿತು. ಆಗಿಹೋದ ಸೋಂಕಿಗೆ ಗುರುತಾದುದು ರಕ್ತದಲ್ಲಿನ ಪ್ರತಿಕಾಯ. ಪ್ರತಿಕಾಯವುಳ್ಳವನೆಲ್ಲ ಸುರಕ್ಷಿತನೇ ಎಂಬುದು ಇಲ್ಲಿ ವಿಚಾರಣೀಯವಾದ ಅಂಶ.

ಕೊರೋನಾ ವೈರಾಣುವು ತನ್ನ ಮುಳ್ಳಿನಿಂದ ಜೀವಕೋಶದ ಗ್ರಾಹಕವನ್ನು ಹಿಡಿದು ಒಳಹೊಗುತ್ತದೆ. ಪ್ರತಿಕಾಯವು ತನ್ನೆರಡು ತೋಳುಗಳಿಂದ ಆ ಮುಳ್ಳನ್ನು ಮುಚ್ಚಿದರೆ ಪ್ರವೇಶವು ತಪ್ಪುತ್ತದೆ. ಆದರೆ ಪ್ರತಿಕಾಯಕ್ಕೆ ಬಾಲವೂ ಉಂಟು. ಆ ಬಾಲವನ್ನು ಹಿಡಿಯುವ ಬೇರೊಂದು ಗ್ರಾಹಕವು ರೋಗನಿರೋಧಕ ಕೋಶಗಳ ಮೇಲಿರುತ್ತದೆ. ಆಗ ಕಾವಲುಗಾರನೇ ಕಳ್ಳನನ್ನು ಹಿತ್ತಿಲ ಬಾಗಿಲಿನಿಂದ ಕರೆತಂದಂತಾಗಬಹುದು.

ಈ ವೈಪರೀತ್ಯವು ಹೊಸದಲ್ಲ. 1964ರಲ್ಲಿ ಆಸ್ಟ್ರೇಲಿಯದ ಹಾಕ್ಸ್ ಎಂಬ ವಿದ್ವಾಂಸನು, ಬಹಳ ತೆಳುವಾದ ಪ್ರತಿಕಾಯದ್ರವದೊಡನೆ ಕೆಲವು ಮಿದುಳುಜ್ವರದ ವೈರಾಣುಗಳು ಕೋಳಿಭ್ರೂಣದ ಕೋಶಗಳಲ್ಲಿ ಹೆಚ್ಚಾಗಿ ಬೆಳೆದುದನ್ನು ಕಂಡನು. 1990ರಲ್ಲಿ, ಬೆಕ್ಕಿನ ಕೊರೋನಾ ವೈರಾಣುವಿನ ಮುಳ್ಳಿಗೆ ಪ್ರತಿಯಾಗಿ ಲಸಿಕೆ ಪಡೆದ ಮರಿಗಳು, ಲಸಿಕೆಯಿಲ್ಲದವುಗಳಿಗಿಂತ ಬೇಗ ಸತ್ತವು. 2020ರಲ್ಲಿ ಪ್ರಕಟವಾದ ಮರ್ಸ್ ವೈರಾಣುವಿನ ಶೋಧನೆಯು ಇದರ ಕ್ರಮವನ್ನು ವಿವರಿಸಿತು. ವೈರಾಣುವಿನ ಗ್ರಾಹಕವು ಮಾತ್ರವಿರುವ ಕೋಶದಲ್ಲಿ ಪ್ರತಿಕಾಯವು ಪ್ರವೇಶವನ್ನು ತಡೆಯಿತು. ಬಾಲವನ್ನು ಹಿಡಿಯುವ ಗ್ರಾಹಕವು ಮಾತ್ರವಿರುವ ಕೋಶದಲ್ಲಿ ಅದನ್ನು ಹೆಚ್ಚಿಸಿತು. ಎರಡೂ ಇರುವಲ್ಲಿ ಫಲವು ಪ್ರತಿಕಾಯದ ಪರಿಮಾಣವನ್ನು ಅವಲಂಬಿಸಿತು.

ಇಷ್ಟರಿಂದ ಲಸಿಕೆಯನ್ನು ಶಂಕಿಸುವುದು ಯುಕ್ತವಲ್ಲ. ಪಾತ್ರೆಯಲ್ಲಿಟ್ಟ ಕೋಶದಲ್ಲಿ ಕಂಡುದೆಲ್ಲ ದೇಹದಲ್ಲಿ ನಡೆಯಬೇಕೆಂಬ ನಿಯಮವಿಲ್ಲ. ಭಾರತದಲ್ಲಿ 2021ನೆಯ ಜನವರಿ 16ರಂದು ಲಸಿಕಾಕಾರ್ಯವು ಆರಂಭವಾಯಿತು. ಲೋಕದಲ್ಲಿ ಕೋಟಿಗಟ್ಟಲೆ ಜನರು ಲಸಿಕೆ ಪಡೆದ ಮೇಲೆಯೂ, ಅದರ ಪ್ರತಿಕಾಯದಿಂದ ಕೋವಿಡ್ ಉಗ್ರವಾಯಿತೆಂಬುದು ಸಿದ್ಧವಾಗಲಿಲ್ಲ. ಪ್ರತಿಯಾಗಿ ತೀವ್ರರೋಗವೂ ಮರಣವೂ ಇಳಿದವು.

ಆದಕಾರಣ ಸಮೀಕ್ಷೆಯ ಪ್ರತಿಕಾಯವನ್ನು ಸೋಂಕು ಬಂದುಹೋದುದಕ್ಕೆ ಸಾಕ್ಷಿಯೆಂದು ಓದಬೇಕಲ್ಲದೆ, ಅಭಯಪತ್ರವೆಂದು ಓದಲಾಗದು. ಬಳ್ಳಾರಿಯ ಅಂಕಿಯು ರೋಗದ ನಡೆಯನ್ನು ಹೇಳಿತು. ಜನರ ರಕ್ಷೆಯನ್ನು ಅಳೆಯಲು ಅದೊಂದೇ ಸಾಲದು. ಪ್ರತಿಕಾಯವು ಉಂಟೋ ಇಲ್ಲವೋ ಎಂಬುದಕ್ಕಿಂತ, ಅದು ಮುಳ್ಳಿನ ಯಾವ ಭಾಗವನ್ನು ಎಷ್ಟು ಬಲವಾಗಿ ಹಿಡಿಯುತ್ತದೆಂಬುದೇ ಮುಖ್ಯವಾದ ಪ್ರಶ್ನೆಯು.