ಎಲಚಿ ಹಣ್ಣು ‘ಹೃದ್ಯ’ವಾದದ್ದು

ಸಂಕ್ರಾಂತಿಯ ಸಂಜೆ ಹಳೇ ಮೈಸೂರು ಕಡೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ಮಕ್ಕಳ ತಲೆಗೆ ಎರೆಯುವುದುಂಟು. ಉರುಳಿದ ಹಣ್ಣಿಗೆ ಉಳಿದ ಮಕ್ಕಳು ಮುಗಿಬೀಳುತ್ತಾರೆ. ಇದರಲ್ಲಿ ಸಿ ಜೀವಸತ್ವವಿದೆ, ಹಿರಿಯರು ಅದನ್ನರಿತೇ ಹೀಗೆ ಮಾಡಿದರು ಎಂಬ ವಿವರಣೆ ಈಗ ಚಾಲ್ತಿಯಲ್ಲಿದೆ. ಸತ್ವವಿರುವುದು ನಿಜ, ಆದರೆ ವಿಜ್ಞಾನ ಅದನ್ನು ಗುರುತಿಸಿದ್ದೇ 1930ರ ಆಸುಪಾಸಿನಲ್ಲಿ. ಎಲಚಿ ಬೀಜಗಳೋ, ಬಲೂಚಿಸ್ತಾನದ ಮೆಹರ್‌ಗಢದಲ್ಲಿ ನವಶಿಲಾಯುಗದ ಪದರಗಳಲ್ಲೇ ಸಿಕ್ಕಿವೆ. ಹೆಸರು ತಿಳಿಯದಿದ್ದರೂ ಗುಣ ಅನುಭವಕ್ಕೆ ಬಂದಿರಬಾರದೇ? ಬಂದಿರಬಹುದು, ನಾಲಿಗೆಯ ದಾರಿಯಿಂದ. ಚರಕಸಂಹಿತೆ ಮಾವು, ದಾಳಿಂಬೆ, ಕವಳೆಗಳ ಜೊತೆ ಎಲಚಿಯನ್ನೂ ‘ಹೃದ್ಯ’ವಾದ ಹತ್ತು ದ್ರವ್ಯಗಳಲ್ಲಿ ಎಣಿಸಿದೆ, ಬಹುಪಾಲು ಹುಳಿಯವೇ. ಆ ಪದವನ್ನು ಹೃದಯರೋಗದ ಮದ್ದೆಂದು ಓದುವ ಅವಸರದಲ್ಲಿ, ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿರುವ, ಮನಸ್ಸಿಗೆ ಹಿತವಾದದ್ದು ಎಂಬ ಅರ್ಥ ಬದಿಗೆ ಸರಿದಿದೆ. ಸುಕ್ಕುಗಟ್ಟಿದ ಕೆಂಗಂದು ಸಿಪ್ಪೆ, ಒಳಗೆ ಒಗರು ಬೆರೆತ ಹುಳಿಸಿಹಿ: ಮಕ್ಕಳು ಕಿತ್ತಾಡುವುದು ಇದಕ್ಕೆ.